ಕೆಂಪಮ್ಮನ ಕಾಲು, ಹನುಮಯ್ಯನ ಕೈ

೧೯೪೧ರಲ್ಲಿ ನಾನು ಅರಕಲಗೂಡು ತಾಲ್ಲೂಕಿನ ಒಂದು ಹೋಬಳಿ ಊರಿನ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವ ಎರಡು ಮನೆಗಳ ಮೊಮ್ಮಕ್ಕಳು ಅಲ್ಲಿ ಈಗಲೂ ಬಾಳುತ್ತಿದ್ದಾರೆ. ನನ್ನ ಹೆಸರನ್ನು ಮಾತ್ರ ಮುಚ್ಚಿಡುವುದಿಲ್ಲ. ನಾನು ಧರಣೇಂದ್ರಯ್ಯ, ಚನ್ನರಾಯಪಟ್ಟಣದ ಕಡೆಯ ಜೈನರ ಮನೆಯವನು. ಹಾಸನದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅಲ್ಲಿಯೇ ಆಸ್ಪತ್ರೆಯಲ್ಲಿ ಕಾಂಪೌಂಡರ್ ತರಬೇತಿ ಪಡೆದು ಕೆಲಸಕ್ಕೆ ಸೇರಿದವನು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ.

ಕಾಂಪೌಂಡರ್ ಎಂದರೆ ಡಾಕ್ಟರು ಬರೆದುಕೊಟ್ಟ ಚೀಟಿಯಂತೆ ಔಷಧ ಅಳೆದು ಬೆರೆಸಿ ಕೊಡುವವನು. ಮಿಕ್ಸ್ಚರ್ ಮಾಡುವುದು, ಮುಲಾಮು ಅರೆಯುವುದು, ಹುಣ್ಣು ತೊಳೆದು ಬ್ಯಾಂಡೇಜ್ ಕಟ್ಟುವುದು, ರೋಗಿಗಳ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಇದು ಇಂಥ ರೋಗ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಹೋಬಳಿಯ ಡಿಸ್ಪೆನ್ಸರಿಯಲ್ಲಿ ಡಾಕ್ಟರು ಒಬ್ಬರೇ. ಅವರು ಕ್ಯಾಂಪಿಗೆ ಹೋದಾಗ ಬಂದ ರೋಗಿಗಳನ್ನು ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಅದಕ್ಕೆ ನಾವು ಒಂದು ರೂಢಿ ಮಾಡಿಕೊಂಡಿದ್ದೆವು. ರಿಜಿಸ್ಟರಿನ ರೋಗದ ಕಾಲಮ್ಮಿನಲ್ಲಿ ನಾನು ಪೆನ್ಸಿಲಿನಿಂದ ಬರೆದಿಡುತ್ತಿದ್ದೆ. ಡಾಕ್ಟರು ಬಂದ ಮೇಲೆ ನೋಡಿ, ಸರಿಯಿದ್ದರೆ ಅದರ ಮೇಲೆಯೇ ಶಾಯಿಯಲ್ಲಿ ತಿದ್ದುತ್ತಿದ್ದರು, ತಪ್ಪಿದ್ದರೆ ಅಳಿಸಿ ಬರೆಯುತ್ತಿದ್ದರು. ನನ್ನ ಪೆನ್ಸಿಲಿನ ಮೇಲೆ ಅವರ ಶಾಯಿ ಹರಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆ ನನ್ನನ್ನು ಕೆಡಿಸಿತ್ತು.

ಆ ವರ್ಷದ ಆಷಾಢದಲ್ಲಿ ಒಂಬತ್ತು ಮೈಲಿ ದೂರದ ಹಳ್ಳಿಯಲ್ಲಿ ಪ್ಲೇಗು ಕಾಣಿಸಿಕೊಂಡು, ಡಾಕ್ಟರು ಇನಾಕ್ಯುಲೇಷನ್ ಹಾಕಲು ಅಲ್ಲಿಗೆ ಹೋಗಿದ್ದರು. ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಡಿಸ್ಪೆನ್ಸರಿಯ ಮುಂದೆ ಗಾಡಿ ನಿಂತಿತು. ಗದ್ದೆ, ತೋಟ ಎರಡೂ ಇದ್ದ ದೊಡ್ಡ ಮನೆಯ ಸಿದ್ದೇಗೌಡ ಮತ್ತು ಅವನ ತಮ್ಮ ನಿಂಗೇಗೌಡ ತಾಯಿಯನ್ನು ಕಂಬಳಿಯಲ್ಲಿ ಎತ್ತಿಕೊಂಡು ಬಂದರು. ತಾಯಿಯ ಹೆಸರು ಕೆಂಪಮ್ಮ. ಅರವತ್ತೈದು ವರ್ಷದ ವಿಧವೆ. ಆ ವಯಸ್ಸಿನಲ್ಲೂ ಆಳುಗಳ ಜೊತೆ ಗದ್ದೆಗೆ ಇಳಿಯುತ್ತಿದ್ದ ಗಟ್ಟಿ ಹೆಂಗಸು.

"ಅವ್ವಂಗೆ ಎರಡ್ ದಿನದಿಂದ ಚಳಿಜ್ವರ ಸಾ. ಕಾಲ್ ನೋಡಿ, ಕುಂಬ್ಳಕಾಯಿ ಆದಂಗಾಗದೆ" ಎಂದ ಸಿದ್ದೇಗೌಡ.

ಜ್ವರ ನೂರಮೂರು ಡಿಗ್ರಿ ಇತ್ತು. ನಾಡಿ ನಿಮಿಷಕ್ಕೆ ನೂರಿಪ್ಪತ್ತು. ಬಲಗಾಲು ಹರಡಿನಿಂದ ಮೊಣಕಾಲಿನ ಕೆಳಗಿನವರೆಗೆ ಊದಿ, ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಮೀನಖಂಡದ ಮೇಲೆ ನಿಂಬೆಹಣ್ಣಿನ ಗಾತ್ರದ ನಾಲ್ಕು ನೀರುಗುಳ್ಳೆಗಳು. ಪಾದಕ್ಕೆ ಹಳೇ ಬಟ್ಟೆ ಸುತ್ತಿದ್ದರು. ನಾನು ಅದನ್ನು ಬಿಚ್ಚಲಿಲ್ಲ. ಬೆಂಚಿನ ಈಚೆಗೆ ನಿಂತೇ ನೋಡಿದೆ. ಬಗ್ಗಲೂ ಇಲ್ಲ.

ಆ ಗುಳ್ಳೆಗಳನ್ನು ಕಂಡ ಕೂಡಲೇ ನನಗೆ ಹಾಸನದ ಆಸ್ಪತ್ರೆಯಲ್ಲಿ ತರಬೇತಿಯ ದಿನಗಳಲ್ಲಿ ಕಂಡ ಒಂದು ಕೇಸು ನೆನಪಾಯಿತು. ಮಡಿವಾಳರು ಬಟ್ಟೆಗೆ ಗುರುತು ಹಾಕಲು ಕರಿಗೇರಿನ ಕಾಯಿ ಬಳಸುತ್ತಾರೆ. ಕಾಯಿಗೆ ಸೂಜಿ ಚುಚ್ಚಿದರೆ ಎಣ್ಣೆಯಂಥ ರಸ ಬರುತ್ತದೆ. ಬಟ್ಟೆಯ ಮೂಲೆಯಲ್ಲಿ ಆ ರಸದ ಗುರುತು ಹಾಕಿದರೆ ಎಷ್ಟು ಒಗೆದರೂ ಹೋಗದು. ಅದೇ ರಸ ಮೈಗೆ ತಗುಲಿದರೆ ಚರ್ಮ ಸುಟ್ಟಂತಾಗಿ ಗುಳ್ಳೆ ಏಳುತ್ತದೆ. ನಮ್ಮ ಹಿರಿಯ ಡಾಕ್ಟರು ಅಂಥದೊಂದು ಗುಳ್ಳೆಯನ್ನು ತೋರಿಸಿ ಪಾಠ ಮಾಡಿದ್ದರು. ಆ ಒಂದು ಪಾಠ ನನ್ನ ತಲೆಯಲ್ಲಿ ಕೂತಿತ್ತು.

ಹೆಂಗಸರು, ಅದರಲ್ಲೂ ಮುದುಕಿಯರು ಬಂದಾಗ ನಾವು ಪ್ರಶ್ನೆ ಕೇಳುತ್ತಿದ್ದುದು ಜೊತೆಗೆ ಬಂದ ಗಂಡಸರನ್ನು. ಎಲ್ಲ ಡಿಸ್ಪೆನ್ಸರಿಗಳಲ್ಲೂ ಹಾಗೆಯೇ ನಡೆಯುತ್ತಿತ್ತು. ಅದು ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಮಗನನ್ನೇ ಕೇಳಿದೆ.

"ಮಡಿವಾಳರ ಮನೆಯಿಂದ ಸೀರೆ ಬಂದು ಎಷ್ಟು ದಿನ ಆಯ್ತು?"

"ಶುಕ್ರವಾರ ಬಟ್ಟೆ ಗಂಟು ಬಂತು ಸಾ. ಯಾಕೆ?"

ಕೆಂಪಮ್ಮ ಕಂಬಳಿಯೊಳಗಿಂದ ನಡುಗುತ್ತಾ "ಸೀರೇನಾ... ಸೀರೆ ನಾನು..." ಎಂದು ಏನೋ ಹೇಳಲು ಹೋದಳು.

"ನೀ ಸುಮ್ಕಿರವ್ವ, ಡಾಕ್ಟ್ರು ಕೇಳ್ತಾವ್ರೆ" ಎಂದ ನಿಂಗೇಗೌಡ.

ಆ ಊರಲ್ಲಿ ಯಾರೂ ನನ್ನನ್ನು ಡಾಕ್ಟ್ರು ಎಂದಿರಲಿಲ್ಲ. ನಾನು ಎದೆ ನೆಟ್ಟಗೆ ಮಾಡಿಕೊಂಡು ಹೇಳಿದೆ:

"ಇದು ಗೇರು. ಗೇರಿನ ರಸ ತಾಗಿ ಎದ್ದಿರೋ ಬೊಕ್ಕೆ."

ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿನ ಮಡಿವಾಳ ಹನುಮಯ್ಯನಿಗೂ ಆ ಮನೆಗೂ ಎರಡು ತಿಂಗಳಿಂದ ಆಗಿಬರುತ್ತಿರಲಿಲ್ಲ. ನಿಂಗೇಗೌಡನ ಮದುವೆಯ ದಿನ ಮೆರವಣಿಗೆಯಲ್ಲಿ ಗಂಡು ಹೆಣ್ಣಿನ ಕಾಲಡಿಗೆ ನಡೆಮಡಿಯ ಬಟ್ಟೆ ಹಾಸಲು ಹನುಮಯ್ಯ ಬಂದಿರಲಿಲ್ಲ. ಮೊದಲೇ ಮಾತು ಕೊಟ್ಟಿದ್ದ ಬೇರೆ ಮನೆಯ ಮದುವೆಗೆ ಹೋಗಿದ್ದ. ಮದುಮಗ ಬರಿ ನೆಲದ ಮೇಲೆ ನಡೆದು ಬಂದನೆಂದು ಊರೆಲ್ಲ ನಕ್ಕಿತ್ತು. ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೇ ನಾನು ಗೇರು ಎಂದೆ.

"ನಾ ಯೋಳ್ನಿಲ್ವಾ ಅಣ್ಣ? ಅನ್ಮ ಏನಾರಾ ಮಾಡೇ ಮಾಡ್ತಾನೆ ಅಂತ" ಎಂದ ನಿಂಗೇಗೌಡ. ಆಮೇಲೆ ನನ್ನ ಕಡೆ ತಿರುಗಿ, "ಬೇಕಂತ್ಲೇ ಅಚ್ಚವ್ನಾ ಡಾಕ್ಟ್ರೇ?"

"ಅದು ನಂಗೆ ಹ್ಯಾಗೆ ಗೊತ್ತಾಗ್ಬೇಕು? ಗೇರು ಅನ್ನೋದ್ರಲ್ಲಿ ಮಾತ್ರ ಅನುಮಾನ ಇಲ್ಲ."

ನಾನು ಆಡಿದ್ದು ಇಷ್ಟೇ. ಒಂದು ಮಾತೂ ತಪ್ಪದೆ ಇಂದಿಗೂ ನೆನಪಿದೆ.

ಕೆಂಪಮ್ಮನನ್ನು ಒಳಗಿನ ಕೋಣೆಯ ಎರಡು ಮಂಚಗಳಲ್ಲಿ ಒಂದರ ಮೇಲೆ ಮಲಗಿಸಿದೆ. ಸುಣ್ಣದ ತಿಳಿನೀರಿಗೆ ಎಣ್ಣೆ ಬೆರೆಸಿ ಕಡೆದ ಲೇಪವನ್ನು ಕಾಲಿಗೆ ಹಚ್ಚಿದೆ. ಸುಟ್ಟ ಗಾಯಕ್ಕೆ ಹಚ್ಚುತ್ತಿದ್ದ ಲೇಪ ಅದು. ಜ್ವರಕ್ಕೆ ಮಿಕ್ಸ್ಚರ್ ಕುಡಿಸಿದೆ. ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಗೇರುಕಾಯಿಯ ಇಂಗ್ಲಿಷ್ ಹೆಸರು 'ಮಾರ್ಕಿಂಗ್ ನಟ್' ಎಂದು ಅಚ್ಚುಕಟ್ಟಾಗಿ ಬರೆದೆ. ಮಕ್ಕಳು ಆಗಲೇ ಹೊರಟುಹೋಗಿದ್ದರು.

ಡಿಸ್ಪೆನ್ಸರಿಯ ಹಿಂದೆ ನೂರು ಗಜ ದೂರದಲ್ಲಿ ಹಳ್ಳ. ಅಲ್ಲಿಯೇ ಹನುಮಯ್ಯನ ಒಗೆಯುವ ಕಲ್ಲು. ಹತ್ತೂವರೆಯ ಹೊತ್ತಿಗೆ ಕಿರುಚಾಟ ಕೇಳಿ ನಾನು ಹಿಂದಿನ ಜಗಲಿಗೆ ಬಂದೆ. ನಿಂಗೇಗೌಡ ಹನುಮಯ್ಯನ ಜುಟ್ಟು ಹಿಡಿದು ನೀರಿನಲ್ಲಿ ಮುಳುಗಿಸುತ್ತಿದ್ದ, ಎತ್ತುತ್ತಿದ್ದ, ಮತ್ತೆ ಮುಳುಗಿಸುತ್ತಿದ್ದ. ಹನುಮಯ್ಯ ನಲವತ್ತರ ಆಸುಪಾಸಿನ ಸಣಕಲ ಮನುಷ್ಯ. ಸಿದ್ದೇಗೌಡ ದಡದ ಮೇಲಿದ್ದ ಗೇರುಕಾಯಿಯ ಮಡಕೆಯನ್ನು ಒದ್ದು ಒಡೆದು, ಕಾಯಿಗಳನ್ನು ಕಲ್ಲಿನ ಮೇಲೆ ಹಾಕಿ ಜಜ್ಜಿದ. ಇಬ್ಬರೂ ಸೇರಿ ಹನುಮಯ್ಯನನ್ನು ಅಂಗಾತ ಕೆಡವಿಕೊಂಡರು. ಒಬ್ಬ ಎದೆಯ ಮೇಲೆ ಕೂತ. ಇನ್ನೊಬ್ಬ ಒದ್ದೆ ಬಟ್ಟೆಯಲ್ಲಿ ಆ ಕಪ್ಪು ರಸವನ್ನು ಅದ್ದಿ ಅವನ ಮುಖಕ್ಕೆ, ಕುತ್ತಿಗೆಗೆ, ಎರಡೂ ತೋಳಿಗೆ ಉಜ್ಜಿದ. "ನಮ್ಮವ್ವಂಗೆ ಅಚ್ತೀಯೇನ್ಲಾ? ತಕಾ, ನೀನೂ ಅಚ್ಕಾ!" ಎಂಬುದು ಜಗಲಿಯವರೆಗೂ ಕೇಳಿಸಿತು.

ಆಮೇಲೆ ನಿಂಗೇಗೌಡ ಬಟ್ಟೆ ಬಡಿಯುವ ಕೊಡತಿ ಎತ್ತಿಕೊಂಡ. ಅಣ್ಣ ಹನುಮಯ್ಯನ ಬಲಗೈಯನ್ನು ಕಲ್ಲಿನ ಮೇಲೆ ಚಾಚಿ ಹಿಡಿದ. ಒಂದೊಂದು ಏಟಿಗೂ ನಿಂಗೇಗೌಡ ಏನನ್ನೋ ಹೇಳುತ್ತಿದ್ದ. ಹನುಮಯ್ಯನ ಕೂಗಿನಲ್ಲಿ ಅದು ನನಗೆ ಕೇಳಲಿಲ್ಲ. ಮೂರನೆಯ ಏಟಿಗೋ ನಾಲ್ಕನೆಯದಕ್ಕೋ ಆ ಕೂಗೂ ನಿಂತಿತು.

ನಾನು ಕೈಯಲ್ಲಿ ಔಷಧ ಅಳೆಯುವ ಔನ್ಸ್ ಗ್ಲಾಸು ಹಿಡಿದುಕೊಂಡು ನಿಂತಿದ್ದೆ. ಓಡಿಹೋಗಿ ಬಿಡಿಸಬಹುದಿತ್ತು. ಸರ್ಕಾರದ ಆಳು ಎಂದು ನನ್ನ ಮಾತಿಗೆ ಬೆಲೆಯಿತ್ತು. ಹೆದರಿದೆ ಎಂದು ಬರೆದರೆ ಅದು ಅರ್ಧ ನಿಜ. ಆ ಹೊತ್ತಿಗೆ ನನಗೆ ನನ್ನ ತೀರ್ಮಾನದ ಬಗ್ಗೆ ಅನುಮಾನವೇ ಇರಲಿಲ್ಲ. ತಪ್ಪು ಮಾಡಿದವನಿಗೆ ಏಟು ಬೀಳುತ್ತಿದೆ ಎಂದುಕೊಂಡೆ. ಇರುವೆ ತುಳಿದರೆ ಪಾಪ ಎಂದು ಹೇಳಿಕೊಟ್ಟ ಮನೆಯಲ್ಲಿ ಬೆಳೆದವನು ನಾನು.

ಮಧ್ಯಾಹ್ನ ಹನುಮಯ್ಯನ ಹೆಂಡತಿ ಲಕ್ಕಮ್ಮ, ಬಟ್ಟೆ ಹೊರುವ ಕತ್ತೆಯ ಮೇಲೆ ಅವನನ್ನು ಕವುಚಿ ಹಾಕಿಕೊಂಡು ಡಿಸ್ಪೆನ್ಸರಿಗೆ ಬಂದಳು. ಬಲ ಮಣಿಕಟ್ಟಿನ ಎರಡು ಮೂಳೆಗಳೂ ಮುರಿದಿದ್ದವು. ಕೈಯನ್ನು ಎಳೆದು ಮೂಳೆ ಕೂಡಿಸಿ ಬಿದಿರಿನ ದಬ್ಬೆ ಇಟ್ಟು ಕಟ್ಟಿದೆ. ಎಳೆಯುವಾಗ ಅವನಿಗೆ ಎಚ್ಚರ ಬಂದು, ಹಲ್ಲು ಕಚ್ಚಿ, ನನ್ನ ಮುಖವನ್ನೇ ನೋಡಿದ. ಮೈಯನ್ನು ಸೋಪಿನಿಂದ ತೊಳೆದು ಎಣ್ಣೆ ಹಚ್ಚಿದೆ. ಎರಡನೆಯ ಮಂಚ ಒಂದೇ ಖಾಲಿಯಿದ್ದದ್ದು, ಅದೂ ಕೆಂಪಮ್ಮನ ಮಂಚದಿಂದ ಮೂರು ಮೊಳ ದೂರ. ಅಲ್ಲಿಯೇ ಮಲಗಿಸಿದೆ.

"ಗೇರು ಅಂತ ಯಾರ್ ಯೋಳಿದ್ರಂತೆ ಸಾ ಅವ್ರ್ಗೆ?" ಎಂದಳು ಲಕ್ಕಮ್ಮ.

"ನಂಗೇನು ಗೊತ್ತು?" ಎಂದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ಕಿಟಕಿ ಸರಿಸಿದಾಗ ಎರಡೂ ಮಂಚಗಳ ಮೇಲೆ ಬಿಸಿಲು ಬಿತ್ತು. ಹನುಮಯ್ಯನ ಮುಖ ಗುರುತು ಸಿಗುತ್ತಿರಲಿಲ್ಲ. ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ರಸ ತಾಗಿದ ಕಡೆಯೆಲ್ಲ ಚರ್ಮ ಕಪ್ಪಗೆ ಕಲೆಗಟ್ಟಿ, ಕಲೆಯ ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು. ಅವನು ಎಡಗೈಯಿಂದ ತುರಿಸಿಕೊಳ್ಳುತ್ತಲೇ ಇದ್ದ. ಮೈ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ.

ಗೇರು ಎಂದರೆ ಇದು.

ಈ ಕಡೆಗೆ ತಿರುಗಿದೆ. ಕೆಂಪಮ್ಮನ ಕಾಲಿನಲ್ಲಿ ಕಪ್ಪು ಕಲೆಯೇ ಇಲ್ಲ. ತುರಿಕೆಯಿಲ್ಲ. ಚರ್ಮ ಕೆಂಡದಂತೆ ಸುಡುತ್ತಿತ್ತು. ಕೆಂಪು ಮೊಣಕಾಲು ದಾಟಿ ತೊಡೆಗೆ ಏರಿತ್ತು. ಜ್ವರ ನೂರನಾಲ್ಕು. ಎರಡು ಮಂಚಗಳ ನಡುವೆ ನಿಂತ ನನಗೆ ಯಾವ ಪುಸ್ತಕವೂ ಬೇಕಾಗಲಿಲ್ಲ. ನಾನು ತಪ್ಪಾಗಿ ಹೇಳಿದ ರೋಗವನ್ನು ಆ ಅಣ್ಣ ತಮ್ಮಂದಿರು ಇನ್ನೊಬ್ಬ ಮನುಷ್ಯನ ಮೈಮೇಲೆ ಬರೆದು ನನ್ನ ಮುಂದೆ ಇಟ್ಟಿದ್ದರು.

ಕೆಂಪಮ್ಮ ಅರೆಗಣ್ಣು ತೆರೆದು ಪಕ್ಕದ ಮಂಚವನ್ನು ನೋಡುತ್ತಿದ್ದಳು. "ಯಾರ್ಲಾ ಅದು? ನಮ್ ಅನ್ಮ ಅಲ್ವಾ?" ಎಂದಳು.

"ಊಂ ಕಣವ್ವ, ನಿಮ್ ಅನ್ಮನೇ. ನಿನ್ ಮಕ್ಳು ಮಾಡ್ಕೊಟ್ಟಿರೋ ಅಲಂಕಾರ" ಎಂದಳು ಲಕ್ಕಮ್ಮ. "ನಿನ್ ಸೀರೇಗೆ ಗೇರು ಅಚ್ದ ಅಂತ."

ಕೆಂಪಮ್ಮ ಬಹಳ ಹೊತ್ತು ಉಸಿರು ಎಳೆದುಕೊಂಡಳು. "ನನ್ ಸೀರೇನಾ? ಗಂಡ ಸತ್ ಮ್ಯಾಕೆ ನನ್ ಸೀರೆ ನಾನೇ ಒಕ್ಕಂತೀನಿ. ಅವ್ನ್ ಕೈಗೆ ಎಲ್ ಕೊಟ್ಟೆ?" ಎಂದು ನನ್ನ ಕಡೆ ನೋಡಿದಳು. "ಯೋಳಾಕ್ ಬಂದೆ ಕಣಪ್ಪ. ನೀವ್ಯಾರೂ ಕೇಳ್ನಿಲ್ಲ."

ನಾನು ಅವಳ ಸೀರೆಯ ಮೂಲೆಗಳನ್ನು ಎತ್ತಿ ನೋಡಿದೆ. ನಾಲ್ಕು ಮೂಲೆಯಲ್ಲೂ ಮಡಿವಾಳರ ಗುರುತಿರಲಿಲ್ಲ. ಹಿಂದಿನ ದಿನ ಒಂದು ನಿಮಿಷ ಬಗ್ಗಿದ್ದರೆ ಕಾಣುತ್ತಿತ್ತು.

ಡಾಕ್ಟರನ್ನು ಕರೆತರಲೇಬೇಕೆಂದು ಸೈಕಲ್ಲು ತೆಗೆದೆ. ಆದರೆ ಹೊರಡುವ ಮುಂಚೆ ನಾನು ಮಾಡಿದ್ದು ಇನ್ನೊಂದು ಕೆಲಸ. ಮೇಜಿನ ಬಳಿ ಹೋಗಿ, ರಬ್ಬರು ತೆಗೆದುಕೊಂಡು, ರಿಜಿಸ್ಟರಿನಲ್ಲಿ ಬರೆದಿದ್ದನ್ನು ಒರೆಸಿದೆ. ಆ ಜಾಗದಲ್ಲಿ 'ಜ್ವರ, ಕಾಲು ಊತ' ಎಂದು ಬರೆದೆ. ಹನುಮಯ್ಯನ ಕಣ್ಣುಗಳು ಮುಚ್ಚಿದ್ದವು. ಲಕ್ಕಮ್ಮನಿಗೆ ಓದು ಬಾರದು. ಕೆಂಪಮ್ಮ ಮಾತ್ರ ರಬ್ಬರಿನ ಸದ್ದು ಬಂದ ಕಡೆಗೆ ತಲೆ ತಿರುಗಿಸಿದ್ದಳು.

ಒಂಬತ್ತು ಮೈಲಿ ಕೆಸರಿನಲ್ಲಿ ಸೈಕಲ್ಲು ತುಳಿದು ಕ್ಯಾಂಪು ಸೇರಿದಾಗ ಹತ್ತು ಗಂಟೆ. ಡಾಕ್ಟರು ನನ್ನ ಮಾತು ಪೂರ್ತಿ ಕೇಳಲಿಲ್ಲ. "ಕೆಂಪು ಮಂಡಿ ದಾಟಿದೆಯಾ?" ಎಂದು ಒಂದೇ ಪ್ರಶ್ನೆ ಕೇಳಿ, ನನ್ನ ಸೈಕಲ್ಲನ್ನೇ ಹತ್ತಿ ಹೊರಟರು. ನಾನು ನಡೆದು ಡಿಸ್ಪೆನ್ಸರಿ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ಅವರು ಆಗಲೇ ಎಲ್ಲ ಸಿದ್ಧ ಮಾಡಿಕೊಂಡು ನನ್ನ ದಾರಿ ಕಾಯುತ್ತಿದ್ದರು.

"ಬಾರಯ್ಯ ಇಲ್ಲಿ. ಬಗ್ಗು. ಇನ್ನೂ ಬಗ್ಗು" ಎಂದು ನನ್ನ ಕುತ್ತಿಗೆ ಹಿಡಿದು ಕೆಂಪಮ್ಮನ ಪಾದದ ಹತ್ತಿರ ತಂದರು. ಪಾದದ ಬಟ್ಟೆ ಬಿಚ್ಚಿ, ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಅಗಲಿಸಿದರು. ನಡುವೆ ಚರ್ಮ ಬೆಳ್ಳಗೆ ಕೊಳೆತು, ಒಳಗೆ ಸೀಳು ಬಿಟ್ಟು ನಾರುತ್ತಿತ್ತು. ದಿನವಿಡೀ ನಾಟಿ ಗದ್ದೆಯಲ್ಲಿ ನಿಲ್ಲುವವರಿಗೆಲ್ಲ ಬರುವ ಕೆಸರುಹುಣ್ಣು. "ವಿಷ ಒಳಗೆ ಹೋದ ಬಾಗಿಲು ಇದು. ತೊಡೆಸಂದಿಯಲ್ಲಿ ಗಂಟು ಕಟ್ಟಿದೆ, ಮುಟ್ಟಿ ನೋಡಿದೆಯಾ? ಇಲ್ಲ. ಮೇಜಿನ ಆಚೆಯಿಂದ ದುರ್ಬೀನು ಹಾಕಿಕೊಂಡು ನೋಡಿದೆಯೇನಯ್ಯಾ?"

ಅದು ಸೆಲ್ಯುಲೈಟಿಸ್. ಸಣ್ಣ ಗಾಯದ ಮೂಲಕ ನುಗ್ಗಿದ ಸೋಂಕು ಚರ್ಮದ ಅಡಿಯಲ್ಲಿ ಹರಡುತ್ತಾ ಹೋಗುವ ರೋಗ. ವಯಸ್ಸಾದವರಲ್ಲಿ ಅದು ರಕ್ತಕ್ಕೆ ಇಳಿದರೆ ಉಳಿಯುವುದು ಕಷ್ಟ. ಮೊದಲ ದಿನವೇ ಕಾಲನ್ನು ಎತ್ತರಿಸಿ, ಬಿಸಿ ಉಪ್ಪುನೀರಿನ ಶಾಖ ಕೊಟ್ಟು, ಬೀರುವಿನಲ್ಲಿದ್ದ, ಸೋಂಕು ತಡೆಯುವ ಸಲ್ಫಾ ಮಾತ್ರೆ ಶುರು ಮಾಡಬೇಕಾಗಿತ್ತು. ನಾನು ಎಣ್ಣೆ ಹಚ್ಚಿ ಒಂದು ಇಡೀ ದಿನ ಕಳೆದಿದ್ದೆ. ಅಷ್ಟರಲ್ಲಿ ಮೀನಖಂಡದೊಳಗೆ ಕೀವು ತುಂಬಿತ್ತು. ಡಾಕ್ಟರು ಮೂತ್ರದಲ್ಲಿ ಸಕ್ಕರೆಯಿಲ್ಲ ಎಂದು ಪರೀಕ್ಷಿಸಿ ಖಚಿತಪಡಿಸಿಕೊಂಡರು. ತೊಡೆಯ ಮೇಲೆ ಕೆಂಪು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಜೆನ್ಷಿಯನ್ ವಯೊಲೆಟ್ ಎಂಬ ನೇರಳೆ ಔಷಧದಿಂದ ಸುತ್ತಲೂ ಒಂದು ಗೆರೆ ಎಳೆದರು. "ನಾಳೆ ಬೆಳಿಗ್ಗೆ ಕೆಂಪು ಈ ಗೆರೆ ದಾಟಿದ್ದರೆ ಹಾಸನಕ್ಕೆ ಸಾಗಿಸಬೇಕು. ಅಲ್ಲಿ ಕಾಲು ತೆಗೆಯುತ್ತಾರೆ. ದಾರಿಯಲ್ಲೇ ಹೋದರೂ ಹೋದಳೇ. ಈಗ ಕೀವು ತೆಗೆಯಬೇಕು."

ಹೃದಯ ದುರ್ಬಲವಾಗಿತ್ತು. ಕ್ಲೋರೋಫಾರ್ಮ್ ಕೊಡುವಂತಿರಲಿಲ್ಲ. ಎಚ್ಚರದಲ್ಲೇ ಕೊಯ್ಯಬೇಕು, ಯಾರಾದರೂ ಅದುಮಿ ಹಿಡಿಯಬೇಕು. ಮಕ್ಕಳನ್ನು ಹುಡುಕಿದರೆ, ಪೊಲೀಸರು ಬರುತ್ತಾರೆಂದು ಹೆದರಿ ಇಬ್ಬರೂ ರಾಮನಾಥಪುರದ ಕಡೆ ನೆಂಟರ ಊರಿಗೆ ಓಡಿಹೋಗಿದ್ದರು. ಸೊಸೆಯರು ಬಾಗಿಲಲ್ಲಿ ನಿಂತು ಅಳುತ್ತಿದ್ದರೇ ಹೊರತು ಒಳಗೆ ಬರಲಿಲ್ಲ. ಡಾಕ್ಟರು ಸುತ್ತ ನೋಡಿದರು. ಲಕ್ಕಮ್ಮ ಗಂಡನ ಮಂಚದಿಂದ ಎದ್ದು ಬಂದಳು. ಕೆಂಪಮ್ಮನ ತಲೆಯ ಕಡೆಯಿಂದ ಎರಡೂ ಭುಜಗಳನ್ನು ಮಂಚಕ್ಕೆ ಒತ್ತಿ ಹಿಡಿದಳು. ನಾನು ಕಾಲು ಹಿಡಿದೆ.

ಡಾಕ್ಟರು ಎರಡು ಕಡೆ, ನಾಲ್ಕು ಅಂಗುಲ ಉದ್ದಕ್ಕೆ ಕೊಯ್ದರು. ಕೀವು ಚಿಮ್ಮಿ ನನ್ನ ಎದೆಯ ಮೇಲೆ ಬಿತ್ತು. ಅವರು ಬೆರಳು ಒಳಗೆ ತೂರಿಸಿ ಕೀವಿನ ಗೂಡುಗಳನ್ನು ಒಡೆದರು. ಕೆಂಪಮ್ಮ ಬಿಲ್ಲಿನಂತೆ ಮೇಲೆದ್ದು ಲಕ್ಕಮ್ಮನ ಮುಂಗೈ ಕಚ್ಚಿದಳು. ಹಲ್ಲು ಇಳಿದು ರಕ್ತ ಬಂತು. ಲಕ್ಕಮ್ಮ ಕೈ ಸಡಿಲಿಸಲಿಲ್ಲ.

"ಕಚ್ಚು ಕಣವ್ವ, ಕಚ್ಕಾ" ಎಂದಳು ಅವಳ ಕಿವಿಯ ಬಳಿ. "ನಿನ್ ಮಕ್ಳು ನನ್ ಗಂಡನ್ನ ಇಂಗೇಯ ಇಡ್ಕಂಡಿದ್ರು. ನಾನ್ ಇಡ್ಕಂಡಿರಾದು ನೀ ಬದುಕ್ಲಿ ಅಂತ."

ಗಾಯದೊಳಗೆ ಗಾಜ್ ಬಟ್ಟೆ ತುರುಕಿ ಕಟ್ಟಿದೆವು. ಬೀರುವಿನಲ್ಲಿ ನಲವತ್ತು ಸಲ್ಫಾ ಮಾತ್ರೆಗಳಿದ್ದವು. ಯುದ್ಧದ ಕಾಲ, ಮತ್ತೆ ಯಾವಾಗ ಬರುತ್ತವೋ ತಿಳಿಯದು. ನಾಲ್ಕು ಗಂಟೆಗೊಮ್ಮೆ ಎರಡೆರಡು, ಸೋಡಾ ಬೆರೆಸಿದ ನೀರಿನಲ್ಲಿ ಕುಡಿಸುತ್ತಾ ಹೋದೆವು. ಮರುದಿನ ಬೆಳಿಗ್ಗೆ ಕೆಂಪು ನೇರಳೆ ಗೆರೆಯ ಮೇಲೆಯೇ ನಿಂತಿತ್ತು. ಅದರ ಮರುದಿನ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಕೆಂಪಮ್ಮ ಗಂಜಿ ಕೇಳಿದಳು.

ಡಾಕ್ಟರು ರಿಜಿಸ್ಟರ್ ತೆಗೆದಾಗ ಪೆನ್ಸಿಲಿನ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದರು. ಒರೆಸಿದ ಕಾಗದ ದೊರಗಾಗಿತ್ತು. ಅವರು ಏನೂ ಕೇಳದೆ ಶಾಯಿಯಲ್ಲಿ ಸೆಲ್ಯುಲೈಟಿಸ್ ಎಂದು ಬರೆದರು.

ಶುಕ್ರವಾರ ಪೊಲೀಸ್ ದಫೇದಾರರು ಬಂದರು. ಅಣ್ಣ ತಮ್ಮಂದಿರನ್ನು ಹಿಡಿದಾಗಿತ್ತು. "ಕಾಂಪೋಂಡ್ರು ಹೇಳಿದ್ರು ಅಂತಾರೆ ಇಬ್ರೂ. ಕೊಡತೀನೂ ನೀವೇ ಕೈಗೆ ಕೊಟ್ರಾ ಸ್ವಾಮಿ?" ಎಂದು ನಕ್ಕರು. ಅವರಿಗೆ ಅದು ತಪ್ಪಿಸಿಕೊಳ್ಳುವವರ ನೆವವಾಗಿ ಕಂಡಿತ್ತು. ನಾನು ಕೋಣೆಯ ನಡುವೆ ನಿಂತಿದ್ದೆ. ಒಂದು ಕಡೆ ಕೆಂಪಮ್ಮ, ಇನ್ನೊಂದು ಕಡೆ ಹನುಮಯ್ಯ ಮತ್ತು ಲಕ್ಕಮ್ಮ.

"ನಾನು ಹಾಗೆ ಹೇಳಲಿಲ್ಲ" ಎಂದೆ. "ಬೇಕಾದರೆ ರಿಜಿಸ್ಟರ್ ನೋಡಿ."

ದಫೇದಾರರು ಕೆಂಪಮ್ಮನನ್ನು ಕೇಳಿದರು. "ಏನಜ್ಜಿ, ನೀನು ಇಲ್ಲೇ ಇದ್ಯಲ್ಲ. ಇವ್ರು ಗೇರು ಅಂದ್ರಾ?"

ಅವಳು ನನ್ನ ಕೈಯಲ್ಲಿದ್ದ ಮಾತ್ರೆಯ ಬಟ್ಟಲನ್ನು ನೋಡಿದಳು. "ನಂಗೆ ಜ್ವರ ಇತ್ತು ಸ್ವಾಮಿ. ಯಾವ್ದೂ ಕೇಳ್ನಿಲ್ಲ" ಎಂದಳು.

ಹನುಮಯ್ಯನನ್ನು ಕೇಳಿದರು. ಅವನೂ ಗೊತ್ತಿಲ್ಲವೆಂದು ತಲೆಯಾಡಿಸಿದ. ನನಗೆ ಬದುಕಿದೆ ಎನ್ನಿಸಿತು. ಕೆಂಪಮ್ಮ ಸ್ವಂತ ಮಕ್ಕಳನ್ನೂ ಬದಿಗಿಟ್ಟು ನನ್ನನ್ನು ಉಳಿಸಿದಳು, ಕಾಲು ಉಳಿಸಿದವನೆಂದು ನನ್ನನ್ನು ಮನ್ನಿಸಿದಳು ಎಂದು ತಿಳಿದೆ. ಐದು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ. ಹೊಳೆನರಸೀಪುರದಲ್ಲಿ ವಿಚಾರಣೆ ನಡೆದು ಅಣ್ಣನಿಗೆ ಮೂರು ತಿಂಗಳು, ತಮ್ಮನಿಗೆ ಆರು ತಿಂಗಳು ಜೈಲಾಯಿತು. ನಾನು ಅಲ್ಲಿಯೂ ಪ್ರಮಾಣ ಮಾಡಿ ಅದೇ ಸುಳ್ಳು ಹೇಳಿದೆ. ಅವರು ಹೊಡೆದದ್ದು ಅವರ ತಪ್ಪು. ಹೊಡೆಯಲು ಕಾರಣ ಕೊಟ್ಟವನು ಮಾತ್ರ ಬಸ್ಸು ಹತ್ತಿ ಊರಿಗೆ ಹಿಂತಿರುಗಿದ. ಕೆಂಪಮ್ಮ ಕಾಲೆಳೆಯುತ್ತಾ ಇನ್ನೂ ನಾಲ್ಕು ವರ್ಷ ಬಾಳಿ ತೀರಿಕೊಂಡಳು.

೧೯೪೬ರಲ್ಲಿ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ದಶಲಕ್ಷಣ ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕ್ಷಮೆ ಕೇಳುವುದು ನಮ್ಮ ಜೈನರ ವಾಡಿಕೆ. ಐದು ವರ್ಷವೂ ನಾನು ಯಾರಿಗೆ ಯಾವ ಅಪರಾಧವನ್ನೂ ಮಾಡಿರಲಿಲ್ಲವೋ ಆ ನೆಂಟರಿಷ್ಟರ ಮುಂದೆ ಕೈಮುಗಿದು ಬಂದಿದ್ದೆ. ಆ ಸಲ ಊರು ಬಿಡಲು ಎಂಟು ದಿನವಿದ್ದಾಗ, ಒಂದು ಬೆಳಿಗ್ಗೆ ಹಳ್ಳದ ಬಳಿಗೆ ಹೋದೆ. ಲಕ್ಕಮ್ಮ ಬಟ್ಟೆ ಬಡಿಯುತ್ತಿದ್ದಳು. ಹನುಮಯ್ಯ ಹುಲ್ಲಿನ ಮೇಲೆ ಹರವುತ್ತಿದ್ದ. ಅವನ ಮಣಿಕಟ್ಟು ಸೊಟ್ಟಗೆ ಕೂಡಿತ್ತು, ಹಿಂಡಲು ಆಗುತ್ತಿರಲಿಲ್ಲ. ಬಲಗಣ್ಣಿನಲ್ಲಿ ಬಿಳಿ ಪೊರೆ. ನಿಂತ ಕಡೆಯೇ ಎಲ್ಲವನ್ನೂ ಹೇಳಿದೆ. ಗೇರು ಅಂದವನು ನಾನು, ರಿಜಿಸ್ಟರ್ ಒರೆಸಿದವನು ನಾನು ಎಂದೆ.

"ಗೊತ್ತು ಸಾ" ಎಂದ ಹನುಮಯ್ಯ, ಪಂಚೆಯ ಸುಕ್ಕು ಬಿಡಿಸುತ್ತಾ.

"ಯಾವಾಗಿಂದ?"

"ವಡೀವಾಗ್ಲೇಯ. ನಿಂಗೇಗೌಡ ಕೊಡತಿ ಎತ್ತಿದಾಗೆಲ್ಲಾ ಅದ್ನೇ ಅಂತಿದ್ದ. ಕಾಂಪೋಂಡ್ರು ಯೋಳವ್ರೆ, ಕಾಂಪೋಂಡ್ರು ಯೋಳವ್ರೆ ಅಂತ."

"ಮತ್ತೆ ದಫೇದಾರರ ಮುಂದೆ ಯಾಕೆ ಹೇಳಲಿಲ್ಲ?"

ತಿಳಿಯದವನಿಗೆ ತಿಳಿಸುವಂತೆ ಅವನು ನನ್ನನ್ನು ನೋಡಿದ. "ಕಟ್ಟು ಬಿಚ್ಚೋರು, ಕಟ್ಟೋರು ನೀವೇ ಅಲ್ವಾ ಸಾ? ನಿಮ್ಮನ್ನ ಎದುರಾಕ್ಕಂಡು ಈ ಕೈ ಎಲ್ಗೆ ತಕಂಡೋಗ್ಲಿ?"

ಲಕ್ಕಮ್ಮ ಬಡಿಯುವುದನ್ನು ನಿಲ್ಲಿಸಿದಳು. "ಕೆಂಪವ್ವನೂ ಅದ್ನೇ ಅಂದ್ಲು. ದಫೇದಾರ್ರು ಬರೋ ಮುಂಚೇನೇ ನಮ್ಗೆ ಯೋಳಿದ್ಲು. ಸುಮ್ಕಿದ್ಬುಡಿ ಕಣ್ರವ್ವ, ಈವಯ್ಯಂಗೆ ಸಿಟ್ಟು ಬಂದು ಮಾತ್ರೆ ನಿಲ್ಲಿಸ್ಬುಟ್ರೆ ನಾ ಸತ್ತೋಯ್ತೀನಿ ಅಂತ."

ಮತ್ತೆ ಕೊಡತಿ ಎತ್ತಿಕೊಂಡಳು. ನಾನು ಅಲ್ಲಿಂದ ಬಂದೆ.

ಮೂವತ್ತು ವರ್ಷ ಆ ಕೆಲಸ ಮಾಡಿ ನಿವೃತ್ತನಾದೆ. ಆಮೇಲಿನ ದಿನಗಳಲ್ಲಿ ನಾನು ರೋಗಿಯ ಬಾಯಿಂದಲೇ ಕೇಳದೆ, ಬಗ್ಗಿ ಕೈಯಿಟ್ಟು ನೋಡದೆ ಯಾವುದನ್ನೂ ಹೇಳಿದವನಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನೂ ಕಲಿತೆ. ಆದರೆ ಆ ಕೋಣೆಯಲ್ಲಿ ನಾನು ಕಲಿತದ್ದರಲ್ಲಿ ದೊಡ್ಡದು ಬೇರೆ. ಮದ್ದು ಕೊಡುವವನ ಎದುರು ಮಲಗಿದವರು ಸುಮ್ಮನಿದ್ದರೆ ಅದನ್ನು ಕ್ಷಮೆ ಎಂದಾಗಲಿ, ಕೃತಜ್ಞತೆ ಎಂದಾಗಲಿ ತಿಳಿಯಬಾರದು. ಹೊಡೆದವರು ದೂರದಲ್ಲಿ ಲಾಕಪ್ಪಿನಲ್ಲಿದ್ದರು. ಆ ಎರಡು ಮಂಚಗಳ ಮೇಲಿದ್ದವರು ದಿನಾ ಹೆದರುತ್ತಿದ್ದುದು ನನಗೆ.

ಹಳ್ಳದ ಬಳಿ ಅಂದು ನಾನು ಹನುಮಯ್ಯನನ್ನು ಕ್ಷಮಿಸಿದೆಯಾ ಎಂದು ಕೇಳಲಿಲ್ಲ. ಕೇಳಿದ್ದರೆ ಹೂಂ ಎಂದೇ ಅನ್ನುತ್ತಿದ್ದ. ಆ ವಾರ ಅವನ ಮಗಳಿಗೆ ಮಲೇರಿಯಾ ಜ್ವರವಿತ್ತು. ಕ್ವಿನೈನಿಗೆ ಅವರು ದಿನಾ ನನ್ನ ಕಿಟಕಿಗೇ ಬರಬೇಕಾಗಿತ್ತು.